ಮನೆಯಲ್ಲಿ ಹಾಕಿದ ರೂಟು ಬೈಕ್ ಜಿಪಿಎಸ್‌ಗೆ ಹೋದ ಮೇಲೆ ಯಾಕೆ ಬದಲಾಗುತ್ತದೆ? (ಹುಲಿಕಲ್ – ಕೊಲ್ಲೂರು ಲೂಪ್)

ಗಾಜನೂರು ಸವಾರ:
ಎಲ್ಲರಿಗೂ ನಮಸ್ಕಾರ. ಬೈಕಿಗೆಂದೇ ಬರುವ ಜಿಪಿಎಸ್ ತಗೊಂಡಿದ್ದೇನೆ. ಮಳೆಗೆ ಹೆದರುವುದಿಲ್ಲ, ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ಬಿಸಿಲಲ್ಲೂ ಪರದೆ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ರೂಟಿನದು.

ಕಂಪ್ಯೂಟರಿನಲ್ಲಿ ಒಂದು ಲೂಪ್, ಅಂದರೆ ಹೊರಟಲ್ಲಿಗೇ ಸುತ್ತಿ ಬರುವ ದಾರಿ, ಹಾಕಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ, ಕೊಲ್ಲೂರು. ವಾಪಸ್ ಬರುವಾಗ ನಾಗೋಡಿ ಹತ್ತಿ ಸಂಪೆಕಟ್ಟೆ, ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು. ತೀರ್ಥಹಳ್ಳಿ, ಹೊಸಂಗಡಿ, ಕೊಲ್ಲೂರು, ನಗರ ಅಂತ ನಾಲ್ಕು ಕಡೆ ಪಾಯಿಂಟ್ ಇಟ್ಟೆ. ಕಂಪ್ಯೂಟರಿನಲ್ಲಿ ಗೆರೆ ಅಂದುಕೊಂಡ ಹಾಗೇ ಬಂತು. ಅದನ್ನು ಜಿಪಿಎಕ್ಸ್ ಫೈಲ್ (ದಾರಿಯ ವಿವರ ಬರೆದಿಡುವ ಫೈಲ್) ಮಾಡಿ ಬೈಕಿನ ಜಿಪಿಎಸ್‌ಗೆ ಹಾಕಿದೆ.

ತೀರ್ಥಹಳ್ಳಿ ದಾಟುತ್ತಿದ್ದ ಹಾಗೆ ಅದು ಆಗುಂಬೆ ರಸ್ತೆ ಹಿಡಿ ಅನ್ನತೊಡಗಿತು. ಆಗುಂಬೆ ಇಳಿದು, ಸೋಮೇಶ್ವರ, ಹೆಬ್ರಿ ಸುತ್ತಿ ಹೊಸಂಗಡಿಗೆ ಹೋಗಬೇಕಂತೆ! ನನಗೆ ಯಡೂರು ರಸ್ತೆ ಗೊತ್ತು, ಹಾಗಾಗಿ ನನ್ನ ದಾರಿಯಲ್ಲೇ ಹೋದೆ. ಕೊಲ್ಲೂರಿನಲ್ಲಿ ಇನ್ನೊಂದು ತಾಪತ್ರಯ. ದೇವಸ್ಥಾನದ ಬೀದಿಗೆ ಹೋಗದೆ ನೇರ ನಾಗೋಡಿ ಕಡೆ ತಿರುಗಿದೆ. ಘಾಟಿ ಹತ್ತುವಾಗಲೂ ಬಿಡದೆ 'ಯು ಟರ್ನ್ ಮಾಡಿ' ಅನ್ನುತ್ತಲೇ ಇತ್ತು.

ಮುಂದಿನ ತಿಂಗಳು ದಾವಣಗೆರೆ ಕಡೆಯ ಗೆಳೆಯರು ಬರುತ್ತಿದ್ದಾರೆ. ಅವರಿಗೆ ಈ ಕಡೆ ದಾರಿ ಗೊತ್ತಿಲ್ಲ. ಗುಂಪು ಚದುರಿದರೆ ಎಲ್ಲರ ಹತ್ತಿರವೂ ಒಂದೇ ಫೈಲ್ ಇರಬೇಕು, ಎಲ್ಲರಿಗೂ ಒಂದೇ ದಾರಿ ತೋರಿಸಬೇಕು. ಅದು ಹೇಗೆ ಮಾಡುವುದು? ಗೊತ್ತಿದ್ದವರು ಹೇಳಿ.

ಅಡಿಕೆ ತೋಟ:
ಆಗುಂಬೆದು ನ್ಯಾಷನಲ್ ಹೈವೇ, 169ಎ. ಹುಲಿಕಲ್‌ದು ಸ್ಟೇಟ್ ಹೈವೇ. ಯಂತ್ರ ದೊಡ್ಡ ರಸ್ತೆ ಕಡೆಗೇ ಎಳೆಯುತ್ತದೆ. ಅಷ್ಟೇ.

ನಕ್ಷೆಗಾರ:
ಅಷ್ಟೇ ಅಲ್ಲ ಸರ್, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದೆ ಯಾವ ಕಂಪನಿಯ ಜಿಪಿಎಸ್ ತಗೊಂಡರೂ ತೊಂದರೆ ಬರುವುದಿಲ್ಲ.

ಜಿಪಿಎಕ್ಸ್ ಫೈಲಿನೊಳಗೆ ಮೂರು ತರಹದ್ದು ಇರಬಹುದು. ವೇಪಾಯಿಂಟ್, ರೂಟ್, ಟ್ರ್ಯಾಕ್. ವೇಪಾಯಿಂಟ್ ಬರೀ ಒಂದು ಜಾಗ. ರೂಟ್ ಅಂದರೆ ಮುಟ್ಟಬೇಕಾದ ಜಾಗಗಳ ಪಟ್ಟಿ. ಒಂದು ಜಾಗದಿಂದ ಇನ್ನೊಂದಕ್ಕೆ ಹೇಗೆ ಹೋಗುವುದು ಅನ್ನುವುದನ್ನು ಜಿಪಿಎಸ್ ತನ್ನೊಳಗಿನ ಮ್ಯಾಪ್ ಮತ್ತು ತನ್ನ ಸೆಟ್ಟಿಂಗ್ ನೋಡಿ ತಾನೇ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಅಂದರೆ ಹೆಜ್ಜೆಗೊಂದು ಚುಕ್ಕಿ ಇಟ್ಟು ಎಳೆದ ಗೆರೆ. ಅದರಲ್ಲಿ ಲೆಕ್ಕ ಹಾಕುವ ಕೆಲಸವೇ ಇಲ್ಲ. ಗೆರೆ ಎಲ್ಲಿದೆಯೋ ಅಲ್ಲಿ.

ನೀವು ಕಳಿಸಿದ್ದು ರೂಟ್. ಮದುವೆಗೆ ಬರುವ ನೆಂಟರಿಗೆ 'ತೀರ್ಥಹಳ್ಳಿ ಆದಮೇಲೆ ಹೊಸಂಗಡಿಗೆ ಬನ್ನಿ' ಅಂತ ಮಾತ್ರ ಹೇಳಿದರೆ ಅವರು ತಮಗೆ ಸರಿ ಕಂಡ ದಾರಿಯಲ್ಲಿ ಬರುತ್ತಾರೆ ಅಲ್ವಾ? ಇಲ್ಲಿಯೂ ಅದೇ ಆಗಿದೆ. ಕಂಪ್ಯೂಟರಿನ ಮ್ಯಾಪ್ ಒಂದು ವರ್ಷದ್ದು, ಜಿಪಿಎಸ್‌ನ ಮ್ಯಾಪ್ ಇನ್ನೊಂದು ವರ್ಷದ್ದು ಇದ್ದರೆ ಫೈಲ್ ಒಳಗೆ ಹೋದ ತಕ್ಷಣ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದರಲ್ಲಿ 'ಬೇಗ ತಲುಪುವ ದಾರಿ', ಇನ್ನೊಂದರಲ್ಲಿ 'ಹತ್ತಿರದ ದಾರಿ' ಅಂತ ಇದ್ದರೂ ಬೇರೆ ಉತ್ತರ ಬರುತ್ತದೆ. ಮಣ್ಣು ರಸ್ತೆ ಬೇಡ, ಟೋಲ್ ಬೇಡ, ಲಾಂಚ್ (ಗಾಡಿ ದಾಟಿಸುವ ದೋಣಿ) ಬೇಡ ಅನ್ನುವ ಸೆಟ್ಟಿಂಗ್‌ಗಳೂ ಹಾಗೇ. ಎರಡು ಕಡೆಯೂ ಒಂದೇ ರೀತಿ ಇದೆಯಾ ಅಂತ ಮೊದಲು ನೋಡಿ.

ಆಮೇಲೆ ಪಾಯಿಂಟ್‌ಗಳನ್ನು ಊರೊಳಗೆ ಇಡಬೇಡಿ. ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋದರೆ ಸಿಗದಂಥ ಜಾಗದಲ್ಲಿ ಇಡಿ. ನಿಮ್ಮ ಲೂಪ್‌ಗೆ ಯಡೂರು ದಾಟಿದ ಮೇಲೆ ರಸ್ತೆಯ ಮೇಲೆ ಒಂದು, ಹುಲಿಕಲ್ ಘಾಟಿಯ ನಡುವೆ ಒಂದು. ಅಷ್ಟು ಮಾಡಿದರೆ ಆಗುಂಬೆ ಕಡೆ ಹೋಗಲು ಅದಕ್ಕೆ ಕಾರಣವೇ ಉಳಿಯುವುದಿಲ್ಲ.

ಹಿಮಾಲಯನ್ ಹುಡುಗ:
ನಕ್ಷೆಗಾರ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಾರ್ಮಿನ್ ಕಂಪನಿಯ ಜುಮೋ ತರಹದ ಜಿಪಿಎಸ್‌ಗಳಲ್ಲಿ ಪಾಯಿಂಟ್ ಎರಡು ಬಗೆ. ವಯಾ ಪಾಯಿಂಟ್, ಶೇಪಿಂಗ್ ಪಾಯಿಂಟ್. ವಯಾ ಪಾಯಿಂಟ್ ಅಂದರೆ ಅಲ್ಲಿಗೆ ಹೋಗಲೇಬೇಕು. ತಲುಪಿದಾಗ ಹೇಳುತ್ತದೆ, ಬಿಟ್ಟು ಮುಂದೆ ಹೋದರೆ ಹಿಂದಕ್ಕೆ ಕರೆಯುತ್ತದೆ. ಆಗ ಸ್ಕಿಪ್ ಒತ್ತಬೇಕು. ಶೇಪಿಂಗ್ ಪಾಯಿಂಟ್ ಸದ್ದಿಲ್ಲದೆ ದಾರಿಯನ್ನು ಹಿಡಿದಿಡುತ್ತದೆ ಅಷ್ಟೇ. ಕೊಲ್ಲೂರಿನಲ್ಲಿ ಯು ಟರ್ನ್ ಅಂದಿದ್ದು ಇದಕ್ಕೇ ಅನ್ನಿಸುತ್ತದೆ. ಪಾಯಿಂಟ್ ಬೀದಿಯೊಳಗೆ ಇತ್ತು, ಅದೂ ಮುಟ್ಟಲೇಬೇಕಾದ ಬಗೆಯದು.

ಊಟಕ್ಕೆ ನಿಲ್ಲುವ ಕಡೆ, ಪೆಟ್ರೋಲ್ ಬಂಕ್, ರಾತ್ರಿ ಉಳಿಯುವ ಜಾಗ, ಇಷ್ಟಕ್ಕೆ ಮಾತ್ರ ವಯಾ. ಉಳಿದದ್ದೆಲ್ಲ ಶೇಪಿಂಗ್.

ಬೆಂಗಳೂರು ರೈಡರ್:
ಇಷ್ಟೆಲ್ಲ ಯಾಕೆ ಮಾರಾಯ್ರೆ? ಫೋನಿನಲ್ಲಿ ಗೂಗಲ್ ಮ್ಯಾಪ್ಸ್ ಹಾಕಿ, ಸ್ಟಾಪ್ ಸೇರಿಸಿ, ಲಿಂಕ್ ಎಲ್ಲರಿಗೂ ಕಳಿಸಿ. ಮುಗಿಯಿತು. ಅದಕ್ಕೆ ಅಂತ ಸಾವಿರಾರು ರೂಪಾಯಿ ಕೊಟ್ಟು ಬೇರೆ ಡಬ್ಬ ಬೇಕಾ?

ಸ್ಕೂಟರ್ ಅಕ್ಕ:
ಬೆಂಗಳೂರಿನಲ್ಲಿ ಅದು ಸರಿ. ಇಲ್ಲಿ ಸಾಕಾಗುವುದಿಲ್ಲ. ಮೂರು ಕಾರಣ ಹೇಳುತ್ತೇನೆ, ಕೇಳಿ. ಘಾಟಿಯಲ್ಲಿ, ಹಿನ್ನೀರಿನ ಆಚೆ, ಕಾಡೊಳಗೆ ನೆಟ್‌ವರ್ಕ್ ಇರುವುದಿಲ್ಲ. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳದೆ ಬಂದವರು ದಾರಿ ತಪ್ಪಿ ನಮ್ಮೂರ ಅಂಗಳಕ್ಕೆ ಬಂದು ನಿಂತದ್ದು ಎಷ್ಟೋ ಸಲ ನೋಡಿದ್ದೇನೆ. ಎರಡನೆಯದು, ಒಂದು ದಾರಿಗೆ 9 ಸ್ಟಾಪ್ ಮಾತ್ರ ಸೇರಿಸಬಹುದು. ಇಡೀ ದಿನದ ಲೂಪ್‌ಗೆ ಅದು ಎಲ್ಲಿ ಸಾಲುತ್ತದೆ? ಮೂರನೆಯದು, ಕಂಪ್ಯೂಟರಿನಲ್ಲಿ ಗೆರೆಯನ್ನು ಎಳೆದು ಬೇಕಾದ ರಸ್ತೆಗೆ ತಂದರೂ ಫೋನಿಗೆ ಹೋದ ಮೇಲೆ ಅದು ಮತ್ತೆ ತನ್ನ ಲೆಕ್ಕವನ್ನೇ ಹಾಕುತ್ತದೆ. ಗಾಜನೂರಿನವರು ಹೇಳಿದ ತೊಂದರೆಯೇ ಇಲ್ಲೂ ಬರುತ್ತದೆ.

ಇನ್ನು ಟೂ ವೀಲರ್ ಮೋಡ್. 2017ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆಂದೇ ತಂದದ್ದು. ಪೇಟೆಯಲ್ಲಿ ಬಹಳ ಉಪಕಾರಿ, ಕಾರು ಹೋಗದ ಓಣಿಗಳನ್ನೆಲ್ಲ ತೋರಿಸುತ್ತದೆ. ಮಲೆನಾಡಿನಲ್ಲಿ ಕಾರು ಹೋಗದ ಓಣಿ ಅಂದರೆ ತೋಟದ ದಾರಿ. ಕೊನೆಗೆ ಗೇಟು, ನಾಯಿ, ಅಥವಾ ಹಳ್ಳ.

ಬೆಂಗಳೂರು ರೈಡರ್:
ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಮೊದಲನೆಯ ತೊಂದರೆ ಹೋಯಿತಲ್ಲ ಅಕ್ಕ? ಸಿಮ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ ಅಂತ ಕೇಳಿದ್ದೇನೆ.

ನಕ್ಷೆಗಾರ:
ಮಾಡುತ್ತದೆ. ಜಿಪಿಎಸ್‌ಗೂ ಮೊಬೈಲ್ ಟವರಿಗೂ ಸಂಬಂಧ ಇಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕರೆ ಸಾಕು, ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಕಷ್ಟ ಏನೆಂದರೆ ಕೆಳಗಿನ ಚಿತ್ರ, ಅಂದರೆ ಮ್ಯಾಪ್, ಇಂಟರ್ನೆಟ್ಟಿನಿಂದ ಬರಬೇಕು. ಅದನ್ನು ಮೊದಲೇ ಇಳಿಸಿಕೊಂಡಿದ್ದರೆ ಫೋನೂ ಸಾಕು.

ದಟ್ಟ ಕಾಡಿನಲ್ಲಿ ಒದ್ದೆ ಎಲೆಗಳ ಕೆಳಗೆ ಸಿಗ್ನಲ್ ಸೊರಗುತ್ತದೆ, ಗುಡ್ಡದ ಗೋಡೆಗೆ ಬಡಿದು ಬಂದ ಸಿಗ್ನಲ್ ಲೆಕ್ಕ ತಪ್ಪಿಸುತ್ತದೆ. ಘಾಟಿಯಲ್ಲಿ ಬೈಕಿನ ಗುರುತು ರಸ್ತೆ ಬಿಟ್ಟು ಪಕ್ಕಕ್ಕೆ ಹೋಗುವುದು ಅದಕ್ಕೇ. ಗಾಬರಿ ಬೇಡ, ಬಯಲಿಗೆ ಬಂದ ಮೇಲೆ ಸರಿಯಾಗುತ್ತದೆ.

ಹೊಸನಗರ ಜೀಪು:
ನಾನು ಈ ರಸ್ತೆಗಳಲ್ಲಿ ಜೀಪು ಓಡಿಸುವವನು. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪರದೆ ನೋಡಿಕೊಂಡು ಬರುವ ಬೈಕಿನವರು ಎದುರಿಗೆ ಬಂದರೆ ನಮಗೆ ಜೀವ ಕೈಯಲ್ಲಿ. ತಿರುವಿನಲ್ಲಿ ಕಣ್ಣು ರಸ್ತೆ ಮೇಲೆ ಇರಬೇಕು. ಪ್ರತಿ ಊರಿನಲ್ಲಿ ಚಾ ಅಂಗಡಿ ಇದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. 'ಮುಂದೆ ಧರೆ ಕುಸಿದಿದೆ, ಹೋಗಬೇಡಿ' ಅಂತ ಅಂಗಡಿಯವರು ಹೇಳುತ್ತಾರೆ. ನಿಮ್ಮ ಯಂತ್ರ ಹೇಳುತ್ತದಾ?

ಮಾಸ್ತಿಕಟ್ಟೆ ಮಳೆ:
ಜೀಪಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ರಸ್ತೆಯ ಸ್ಥಿತಿ ಬೆಳಗ್ಗೆ ಒಂದು, ಸಂಜೆ ಒಂದು. ಮರ ಬೀಳುತ್ತದೆ, ಕರೆಂಟು ಕಂಬ ಬೀಳುತ್ತದೆ, ಮಂಜು ಮುಸುಕಿದರೆ ಹತ್ತು ಮಾರು ಕಾಣುವುದಿಲ್ಲ. ಘಾಟಿಯಲ್ಲಿ ಕುಸಿತವಾದರೆ ಜಿಲ್ಲಾಡಳಿತ ಸಂಚಾರ ನಿಲ್ಲಿಸುತ್ತದೆ. ನೀವು ಒಳಗೆ ತುಂಬಿಕೊಂಡ ಮ್ಯಾಪ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದು ತೋರಿಸುವ ತಲುಪುವ ಸಮಯವನ್ನೂ ನಂಬಬೇಡಿ. ಮಳೆಗಾಲದಲ್ಲಿ ಹುಲಿಕಲ್ ಇಳಿಯಲು ಅದು ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಇಟ್ಟುಕೊಳ್ಳಿ.

ಚಂಡಿಕಾಂಬ ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ ಕೈ ಮುಗಿದು ಇಳಿಯುವುದು ಇಲ್ಲಿಯವರ ರೂಢಿ. ಕೆಳಗಿನಿಂದ ಹತ್ತಿ ಬಂದ ಲಾರಿಯವರೂ ಅಲ್ಲಿ ಸಿಗುತ್ತಾರೆ. ಕೆಳಗೆ ರಸ್ತೆ ಹೇಗಿದೆ ಅಂತ ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಕ್ಷೆಗಾರ:
ಕೇಳುವುದು ಬೇಡ ಅಂತ ನಾನೂ ಹೇಳಿಲ್ಲ. ಆದರೆ ಜೀಪಣ್ಣ, ಗುಂಪಿನಲ್ಲಿ ಕೊನೆಯ ಬೈಕಿನವನು ಒಬ್ಬನೇ ಹಿಂದೆ ಉಳಿದಾಗ, ಕತ್ತಲಾದಾಗ, ಅಂಗಡಿ ಬಾಗಿಲು ಹಾಕಿದಾಗ ಯಾರನ್ನು ಕೇಳುವುದು? ದಾರಿ ಮೊದಲೇ ಹಾಕಿಟ್ಟಿದ್ದರೆ ಪರದೆ ನೋಡುವುದು ಕಡಿಮೆಯಾಗುತ್ತದೆ, ಜಾಸ್ತಿ ಆಗುವುದಿಲ್ಲ. ಹೆಲ್ಮೆಟ್ ಒಳಗೆ ಬ್ಲೂಟೂತ್ ಇದ್ದರೆ 'ಮುಂದೆ ಎಡಕ್ಕೆ' ಅಂತ ಕಿವಿಗೆ ಬೀಳುತ್ತದೆ. ಕಣ್ಣು ರಸ್ತೆ ಮೇಲೇ ಇರುತ್ತದೆ. ರಸ್ತೆ ಪಕ್ಕ ನಿಂತು ಫೋನಿನಲ್ಲಿ ಹುಡುಕುತ್ತಾ ಕೂರುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ, ಅದೂ ತಿರುವಿನಲ್ಲಿ.

ಹೊಸನಗರ ಜೀಪು:
ಕಿವಿಯಲ್ಲಿ ಮಾತು ಬಂದರೆ ಹಿಂದಿನ ಗಾಡಿ ಹಾರ್ನ್ ಕೇಳುತ್ತದಾ?

ಹಿಮಾಲಯನ್ ಹುಡುಗ:
ಕೇಳುತ್ತದೆ ಅಣ್ಣ, ವಾಲ್ಯೂಮ್ ಕಡಿಮೆ ಇಟ್ಟರೆ. ಹಾಡು ಮಾತ್ರ ಬೇಡ.

ಶೃಂಗೇರಿ ರೋಡ್:
ಪೊಲೀಸರು ಹಿಡಿಯುವುದಿಲ್ವಾ, ಹ್ಯಾಂಡಲ್ ಮೇಲೆ ಫೋನ್ ಇಟ್ಟುಕೊಂಡರೆ?

ಸ್ಕೂಟರ್ ಅಕ್ಕ:
2020ರ ಅಕ್ಟೋಬರಿನಿಂದ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ತಿದ್ದುಪಡಿ ಬಂದಿದೆ. ದಾರಿ ನೋಡಲು ಮಾತ್ರ ಬಳಸಬಹುದು, ಓಡಿಸುವವರ ಗಮನ ತಪ್ಪಬಾರದು ಅಂತ ಅದರಲ್ಲಿದೆ. ಫೋನಿನಲ್ಲಿ ಮಾತಾಡುತ್ತಾ ಹೋದರೆ ದಂಡ ಬೀಳುವುದು ಹಾಗೇ ಇದೆ. ಹ್ಯಾಂಡಲ್‌ಗೆ ಗಟ್ಟಿಯಾಗಿ ಕೂರಿಸಿ, ಹೊರಡುವ ಮೊದಲೇ ಎಲ್ಲ ಒತ್ತಿ ಮುಗಿಸಿ.

ಫೋನ್ ಇಡುವವರಿಗೆ ಇನ್ನೊಂದು. ಬೈಕಿನ ನಡುಕಕ್ಕೆ ಕ್ಯಾಮೆರಾ ಕೆಡುತ್ತದೆ. ಹೆಚ್ಚು ಸಿಸಿ ಬೈಕಿನ ಹ್ಯಾಂಡಲ್‌ಗೆ ಐಫೋನ್ ಸಿಕ್ಕಿಸಬೇಡಿ ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಹೇಳಿತ್ತು. ನಡುಕ ತಡೆಯುವ ಮೌಂಟ್ ಸಿಗುತ್ತದೆ, ಅದನ್ನೇ ತಗೊಳ್ಳಿ. ಮಳೆ ಬಂದರೆ ಹನಿ ಬಿದ್ದ ಕಡೆಯೆಲ್ಲ ಬೆರಳಿಟ್ಟ ಹಾಗೆ ಪರದೆ ತನ್ನಷ್ಟಕ್ಕೇ ಓಡುತ್ತದೆ. ಚಾರ್ಜಿಂಗ್ ತೂತಿಗೆ ನೀರು ಹೋದರೆ ಚಾರ್ಜೇ ಆಗುವುದಿಲ್ಲ. ಗಾಜನೂರಿನವರು ಬೇರೆ ಜಿಪಿಎಸ್ ತಗೊಂಡದ್ದು ನನಗಂತೂ ಸರಿ ಕಾಣುತ್ತದೆ. ಮಲೆನಾಡಿನ ಮಳೆಗೆ ಅದೇ ಸೈ.

ಗಾಜನೂರು ಸವಾರ:
ಬಹಳ ಉಪಕಾರವಾಯಿತು. ಹುಲಿಕಲ್ ನಡುವೆ ಪಾಯಿಂಟ್ ಇಟ್ಟು ನೋಡಿದೆ, ಈಗ ಜಿಪಿಎಸ್ ಕೂಡ ಯಡೂರು ಮೇಲೆಯೇ ಗೆರೆ ಎಳೆಯುತ್ತಿದೆ. ಆದರೆ ಘಾಟಿಯ ನಡುವೆ ಒಂದು ಕಡೆ ಹೋಗಿ, ಹಿಂದೆ ತಿರುಗಿ, ಮತ್ತೆ ಬಾ ಅಂತ ಚಿಕ್ಕ ಬಾಲದ ತರಹ ತೋರಿಸುತ್ತಿದೆ. ಅದೇನು?

ನಕ್ಷೆಗಾರ:
ಪಾಯಿಂಟ್ ರಸ್ತೆಯ ಮೇಲೆ ಕೂತಿಲ್ಲ. ಪಕ್ಕದ ಮಣ್ಣು ದಾರಿ ಮೇಲೋ, ಹೇರ್‌ಪಿನ್ ತಿರುವಿನ ಇನ್ನೊಂದು ತೋಳಿನ ಮೇಲೋ ಬಿದ್ದಿದೆ. ಪೂರ್ತಿ ಝೂಮ್ ಮಾಡಿ ರಸ್ತೆಯ ಮಧ್ಯಕ್ಕೆ ತಂದಿಡಿ. ತಿರುವಿನ ಮೇಲೆ ಬೇಡ, ಕೂಡುರಸ್ತೆಯ ಹತ್ತಿರವೂ ಬೇಡ, ನೇರ ತುಂಡಿನಲ್ಲಿ ಇಡಿ. ಆಗುಂಬೆಯಂಥ ಕಡೆ ಇನ್ನೂ ಜಾಗ್ರತೆ. 14 ಹೇರ್‌ಪಿನ್, ಒಂದರ ಕೆಳಗೆ ಒಂದು. ಮ್ಯಾಪ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಕಾಣುತ್ತವೆ. ನಾಲ್ಕು ಪಥದ ರಸ್ತೆಯಲ್ಲಿ ಎದುರಿನ ಪಥದ ಮೇಲೆ ಪಾಯಿಂಟ್ ಬಿದ್ದರೂ ಇದೇ ತೊಂದರೆ, ಅಲ್ಲಿ ಯು ಟರ್ನ್ ಇನ್ನೂ ದೂರ ಇರುತ್ತದೆ.

ಇನ್ನೊಂದು ಮುಖ್ಯ ಸೆಟ್ಟಿಂಗ್. ದಾರಿ ಬಿಟ್ಟಾಗ ಹೊಸ ಲೆಕ್ಕ ಹಾಕಬೇಕಾ ಬೇಡವಾ ಅನ್ನುವುದು. ತಾನೇ ಹಾಕು, ಕೇಳಿ ಹಾಕು, ಹಾಕಬೇಡ ಅಂತ ಮೂರು ಆಯ್ಕೆ ಇರುತ್ತವೆ. ಗುಂಪಿನಲ್ಲಿ ಹೋಗುವಾಗ 'ಕೇಳಿ ಹಾಕು' ಇಡಿ. 'ತಾನೇ ಹಾಕು' ಇದ್ದರೆ ಪೆಟ್ರೋಲಿಗೆ ಅಂತ ಪಕ್ಕಕ್ಕೆ ತಿರುಗಿದ ಕೂಡಲೇ ನೀವು ಕಷ್ಟಪಟ್ಟು ಹಾಕಿದ ದಾರಿ ಹೋಗಿ ಬೇರೆಯೇ ದಾರಿ ಬಂದಿರುತ್ತದೆ. ಗೊತ್ತೇ ಆಗುವುದಿಲ್ಲ.

ಅಡಿಕೆ ತೋಟ:
ನನ್ನ ಅಭಿಪ್ರಾಯ, ರೂಟ್ ಬೇಡವೇ ಬೇಡ. ಟ್ರ್ಯಾಕ್ ಹಾಕಿ. ದಪ್ಪ ಕೆಂಪು ಗೆರೆ, ಅದರ ಮೇಲೆ ಹೋಗು. ಬದಲಾಗುವ ಪ್ರಶ್ನೆಯೇ ಇಲ್ಲ.

ಹಿಮಾಲಯನ್ ಹುಡುಗ:
ಒಪ್ಪುವುದಿಲ್ಲ. ಬರೀ ಟ್ರ್ಯಾಕ್ ಇದ್ದರೆ ತಿರುವು ಬಂತು ಅಂತ ಹೇಳುವವರಿಲ್ಲ. ಗೆರೆ ನೋಡುತ್ತಲೇ ಇರಬೇಕು. ಜೀಪಣ್ಣ ಬೈದದ್ದು ಅದಕ್ಕೇ ತಾನೆ?

ಅಡಿಕೆ ತೋಟ:
ನಮ್ಮ ಕಡೆ ತಿರುವು ಎಷ್ಟಿದೆ ಹೇಳಿ? ನಗರದಿಂದ ಹೊಸನಗರಕ್ಕೆ ಹೋಗುವಾಗ ಗೊಂದಲ ಆಗುವ ಜಾಗ ಎಷ್ಟು? ಒಂದೆರಡು. ಗೆರೆ ಸಾಕು.

ನಕ್ಷೆಗಾರ:
ಜಗಳ ಬೇಡ, ಎರಡನ್ನೂ ಹಾಕಿ. ನಾನು ಮಾಡುವುದು ಹಾಗೇ. ರೂಟ್ ಮಾತಾಡಲಿ, ಅದೇ ದಾರಿಯ ಟ್ರ್ಯಾಕ್ ಕೆಳಗೆ ಬೇರೆ ಬಣ್ಣದಲ್ಲಿ ಇರಲಿ. ರೂಟ್ ಗೆರೆ ಟ್ರ್ಯಾಕ್ ಬಿಟ್ಟು ಪಕ್ಕಕ್ಕೆ ಹೋದರೆ ಯಂತ್ರ ಲೆಕ್ಕ ಬದಲಿಸಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಇಡೀ ದಾರಿಯನ್ನು ಬೆರಳಿನಿಂದ ಸರಿಸಿಕೊಂಡು ಎರಡೂ ಒಂದರ ಮೇಲೊಂದು ಇದೆಯಾ ನೋಡಿ. ಈ ಕೆಲಸವನ್ನು ಮಾತ್ರ ಬಿಡಬೇಡಿ.

ಫೋನಿನವರಿಗೆ ಆಸ್ಮ್‌ಆ್ಯಂಡ್ ಆ್ಯಪ್ ಚೆನ್ನಾಗಿದೆ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುತ್ತದೆ, ಮ್ಯಾಪ್ ಪೂರ್ತಿ ಆಫ್‌ಲೈನ್. ಜಿಪಿಎಕ್ಸ್ ಟ್ರ್ಯಾಕ್ ಕೊಟ್ಟರೆ ಅದೇ ಗೆರೆ ಹಿಡಿದು ತಿರುವನ್ನೂ ಹೇಳುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್ ಪೂರ್ತಿ ಉಚಿತ, ಹಗುರ, ಅದರಲ್ಲಿ ಟ್ರ್ಯಾಕ್ ಗೆರೆಯಾಗಿ ಕಾಣುತ್ತದೆ. ಗಾಜನೂರಿನವರ ಗೆಳೆಯರಲ್ಲಿ ಜಿಪಿಎಸ್ ಇಲ್ಲದವರಿಗೆ ಟ್ರ್ಯಾಕ್ ಫೈಲ್ ಕೊಟ್ಟು ಇವೆರಡರಲ್ಲಿ ಒಂದನ್ನು ಹಾಕಿಸಿ.

ಗಾಜನೂರು ಸವಾರ:
ಹಾಗಾದರೆ ಎರಡನೇ ದಿನದ್ದೂ ಕೇಳಿಬಿಡುತ್ತೇನೆ. ಸಾಗರ, ಸಿಗಂದೂರು, ತುಮರಿ, ಬ್ಯಾಕೋಡು, ನಾಗೋಡಿ ಮೇಲೆ ಕೊಲ್ಲೂರು ಅಂದುಕೊಂಡಿದ್ದೇನೆ. ಜಿಪಿಎಸ್ ಹೊಸನಗರ ಸುತ್ತಿಸುತ್ತಿದೆ.

ಸಾಗರದವ:
ನಿಮ್ಮ ಜಿಪಿಎಸ್‌ನ ಮ್ಯಾಪ್ ಹಳೆಯದು. ಅಂಬಾರಗೋಡ್ಲು – ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಅದಕ್ಕೆ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿಯೇ ದಾಟಬೇಕಿತ್ತು. ಹಳೆಯ ಮ್ಯಾಪ್‌ನಲ್ಲಿ ಅಲ್ಲಿ ಬರೀ ನೀರು, ಅಥವಾ ಲಾಂಚ್ ಗೆರೆ. ಲಾಂಚ್ ಬೇಡ ಅಂತ ಸೆಟ್ಟಿಂಗ್ ಇದ್ದರೆ ಸುತ್ತಿ ಹೋಗು ಅನ್ನುವುದು ಸಹಜ.

ಮ್ಯಾಪ್ ಅಪ್‌ಡೇಟ್ ಮಾಡಿ. ಹೊಸ ಮ್ಯಾಪ್‌ನಲ್ಲೂ ಸೇತುವೆ ಇಲ್ಲದಿದ್ದರೆ ಟ್ರ್ಯಾಕ್ ಹಾಕಿಕೊಂಡು ಬನ್ನಿ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಎರಡೂ ಕಡೆ ಶರಾವತಿ ಹಿನ್ನೀರು. ನಡುವೆ ನಿಂತು ಫೋಟೋ ತೆಗೆಯುವವರು ಬಹಳ, ನೀವು ನಿಲ್ಲಿಸಬೇಡಿ. ಗಾಡಿಗಳು ವೇಗವಾಗಿ ಬರುತ್ತವೆ.

ಈ ಸೇತುವೆಗೆ ನಮ್ಮ ಕರೂರು, ಬಾರಂಗಿ ಹೋಬಳಿಯವರು ಎಷ್ಟು ವರ್ಷ ಕಾದರು ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ನಾಡಿಗೆ ಕರೆಂಟು ಬಂತು, ಆಚೆ ದಡದವರು ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯುತ್ತಾ ನಿಂತರು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಅಂತ ಹೆದರುತ್ತಿದ್ದ ಮನೆಗಳವು. ಅಲ್ಲಿ ಬೈಕಿನಲ್ಲಿ ಹೋಗುವಾಗ ಇದು ನೆನಪಿರಲಿ ಅಂತ ಹೇಳಿದೆ.

ಶೃಂಗೇರಿ ರೋಡ್:
ನಮ್ಮ ಅಜ್ಜಿಯ ತವರು ಮುಳುಗಡೆ ಊರು. ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣುತ್ತದೆ, 1948ರದ್ದು. ಹಿನ್ನೀರಿನ ಅಂಚಿನ ಮಣ್ಣು ದಾರಿಗಳನ್ನು ಮಾತ್ರ ನಂಬಬೇಡಿ. ಬೇಸಿಗೆಯಲ್ಲಿ ಯಾರೋ ಓಡಿಸಿ ಟ್ರ್ಯಾಕ್ ಹಂಚಿರುತ್ತಾರೆ, ಮಳೆಗಾಲ ಮುಗಿಯುವಾಗ ಆ ಗೆರೆ ನೀರಿನ ಅಡಿಯಲ್ಲಿರುತ್ತದೆ.

ನಕ್ಷೆಗಾರ:
ಇದು ಬಹಳ ಒಳ್ಳೆಯ ಮಾತು. ಬೇರೆಯವರ ಟ್ರ್ಯಾಕ್ ಇಳಿಸಿಕೊಳ್ಳುವವರು ಅದು ಯಾವ ತಿಂಗಳಿನದು ಅಂತ ನೋಡಲೇಬೇಕು. ಓಡಿಸುತ್ತಾ ರೆಕಾರ್ಡ್ ಮಾಡಿದ ಟ್ರ್ಯಾಕ್ ಆಗಿದ್ದರೆ ಸಾಮಾನ್ಯವಾಗಿ ಪ್ರತಿ ಚುಕ್ಕಿಗೂ ದಿನ, ಸಮಯ ಇರುತ್ತದೆ. ಕಂಪ್ಯೂಟರಿನಲ್ಲಿ ಕೂತು ಎಳೆದದ್ದಾದರೆ ಇರುವುದಿಲ್ಲ. ಯಾರೂ ಓಡಿಸಿರದ ಗೆರೆ ಯಾವುದು ಅಂತ ಅದರಿಂದಲೇ ಅಂದಾಜು ಮಾಡಬಹುದು.

ಮಾಸ್ತಿಕಟ್ಟೆ ಮಳೆ:
ಸಿದ್ದಾಪುರದ ವಿಷಯ ಯಾರೂ ಹೇಳಲಿಲ್ಲ. ಹೆಸರು ಹಾಕಿ ಹುಡುಕಿದರೆ ಈ ಕಡೆಯೇ ಎರಡು ಬರುತ್ತವೆ. ನಮ್ಮ ಘಾಟಿ ಕೆಳಗಿನದು ಉಡುಪಿ ಜಿಲ್ಲೆಯದು. ತಾಳಗುಪ್ಪದ ಆಚೆಯದು ಉತ್ತರ ಕನ್ನಡದ್ದು. ಹೋದ ವರ್ಷ ಒಂದು ಗುಂಪಿನವರು ಅದನ್ನು ಒತ್ತಿಕೊಂಡು ಸಾಗರದ ಕಡೆ ಹೋಗಿ, ಸಂಜೆ ಹೊತ್ತಿಗೆ ಇಲ್ಲಿಗೆ ಫೋನ್ ಮಾಡಿದರು. ಊರಿನ ಹೆಸರು ನಂಬಬೇಡಿ, ಮ್ಯಾಪ್ ಮೇಲೆ ಜಾಗ ನೋಡಿ ಒತ್ತಿ.

ಸ್ಕೂಟರ್ ಅಕ್ಕ:
ಹೌದು ಹೌದು. ಹೊಸೂರು, ಹೊಸಹಳ್ಳಿ ಅಂತೂ ಕೇಳುವುದೇ ಬೇಡ.

ಹೊಸನಗರ ಜೀಪು:
ಕೇಳುತ್ತಾ ಕೇಳುತ್ತಾ ನನಗೂ ಸ್ವಲ್ಪ ಅರ್ಥವಾಯಿತು. ಟ್ರ್ಯಾಕ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ನಾನು ಹೇಳುವ ಇನ್ನೆರಡು ವಿಷಯ ಅದರಲ್ಲಿ ಬರೆದುಕೊಳ್ಳಿ. ಪೆಟ್ರೋಲನ್ನು ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಪೂರ್ತಿ ತುಂಬಿಸಿ. ಒಳಗಿನ ರಸ್ತೆಗಳಲ್ಲಿ ಬಂಕ್ ಸಿಗುವುದು ಕಡಿಮೆ, ಸಿಕ್ಕರೂ ರಾತ್ರಿ ತೆಗೆದಿರುತ್ತದೆ ಅನ್ನುವ ಹಾಗಿಲ್ಲ. ಎರಡನೆಯದು, ಕೊಡಚಾದ್ರಿ ಕಡೆ ಗೆರೆ ಎಳೆದುಕೊಂಡು ಬರುವವರು ಬಹಳ. ಮ್ಯಾಪ್‌ನಲ್ಲಿ ರಸ್ತೆ ಇದೆ ಅಂತ ನುಗ್ಗಬೇಡಿ. ಅದು ಅರಣ್ಯ ಇಲಾಖೆಯ ಜಾಗ, ಜೀಪ್ ದಾರಿ, ಕಲ್ಲು ಗುಂಡಿ. ಬಿಡುತ್ತಾರಾ ಅಂತ ಚೆಕ್‌ಪೋಸ್ಟಿನಲ್ಲಿ ಕೇಳಿ, ಇಲ್ಲ ಅಂದರೆ ಬೈಕು ಕೆಳಗೆ ನಿಲ್ಲಿಸಿ ಜೀಪ್ ಹತ್ತಿ.

ಶೃಂಗೇರಿ ರೋಡ್:
ಕುದುರೆಮುಖ ಮೇಲೆ ಹೋಗುವವರೂ ಗಮನಿಸಿ. ರಾಷ್ಟ್ರೀಯ ಉದ್ಯಾನದ ಗೇಟು ರಾತ್ರಿ ಹಾಕುತ್ತಾರೆ. ಒಳಗೆ ಹೋಗುವಾಗ ಸಮಯ ಬರೆದುಕೊಡುತ್ತಾರೆ, ನಡುವೆ ನಿಂತು ಕೂರುವ ಹಾಗಿಲ್ಲ. ಜಿಪಿಎಸ್ ಗೇಟಿನ ಸಮಯ ನೋಡದೆ ಅದೇ ದಾರಿಯನ್ನು ತೋರಿಸಿಬಿಡಬಹುದು. ಆ ಗೇಟನ್ನು ವಯಾ ಪಾಯಿಂಟ್ ಮಾಡಿ, ಹೆಸರಿನಲ್ಲೇ 'ಕತ್ತಲಿಗೆ ಮೊದಲು' ಅಂತ ಬರೆಯಿರಿ.

ಹಿಮಾಲಯನ್ ಹುಡುಗ:
ಇದು ಸಖತ್ ಐಡಿಯಾ. ನಾನೂ ಮಾಡುತ್ತೇನೆ.

ಅಡಿಕೆ ತೋಟ:
ನಮ್ಮ ತೋಟದ ದಾರಿಯನ್ನು ಮ್ಯಾಪ್‌ನವರು ಊರಿನ ರಸ್ತೆ ಅಂತ ತೋರಿಸುತ್ತಿದ್ದಾರೆ. ರಾತ್ರಿ ಹತ್ತು ಗಂಟೆಗೆ ಬೈಕಿನವರು ಬಂದು ಗೇಟು ಬಡಿಯುತ್ತಾರೆ. ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇರುತ್ತಾರೆ. ಇದಕ್ಕೇನಾದರೂ ದಾರಿ ಇದೆಯಾ?

ನಕ್ಷೆಗಾರ:
ಇದೆ ಸರ್. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ಆ ದಾರಿಯನ್ನು ಖಾಸಗಿ ಅಂತ ಗುರುತು ಮಾಡಿ, ಗೇಟು ಇರುವ ಜಾಗದಲ್ಲಿ ಗೇಟು ಹಾಕಿ. ಆಮೇಲೆ ಆ ಮ್ಯಾಪ್ ಬಳಸುವ ಆ್ಯಪ್‌ಗಳು ಅದರ ಮೇಲೆ ದಾರಿ ಹಾಕುವುದಿಲ್ಲ. ಆಸ್ಮ್‌ಆ್ಯಂಡ್ ತಿಂಗಳಿಗೊಮ್ಮೆ ಹೊಸ ಮ್ಯಾಪ್ ಕೊಡುತ್ತದೆ, ಅದರಲ್ಲಿ ಬರುತ್ತದೆ. ಗೂಗಲ್‌ಗೆ ಬೇರೆಯೇ ಹೇಳಬೇಕು, ಆ್ಯಪ್‌ನಲ್ಲೇ ತಪ್ಪು ತಿಳಿಸುವ ಜಾಗ ಇದೆ. ನಿಮಗೆ ಕಷ್ಟವಾದರೆ ಜಾಗವನ್ನು ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಹಾಕಬೇಡಿ. ಇವತ್ತೇ ತಿದ್ದಿಕೊಡುತ್ತೇನೆ.

ಅಡಿಕೆ ತೋಟ:
ಕಳಿಸಿದೆ. ದೊಡ್ಡ ಉಪಕಾರ.

ಬೆಂಗಳೂರು ರೈಡರ್:
ಸರಿ, ನಾನೂ ಆಸ್ಮ್‌ಆ್ಯಂಡ್ ಇಳಿಸಿಕೊಂಡೆ. ಒಂದು ಪ್ರಶ್ನೆ. ಗಾಜನೂರಿನವರು ಟ್ರ್ಯಾಕ್ ಹಂಚಿದರೆ ನಾನು ಅದನ್ನು ಉಲ್ಟಾ ಓಡಿಸಬಹುದಾ? ನಾನು ಕುಂದಾಪುರದಿಂದ ಬರುವವನು, ಹುಲಿಕಲ್ ಹತ್ತಿ ಬರಬೇಕು.

ನಕ್ಷೆಗಾರ:
ಟ್ರ್ಯಾಕ್ ಆದರೆ ಧಾರಾಳವಾಗಿ. ಆ್ಯಪ್‌ನಲ್ಲಿ ದಿಕ್ಕು ತಿರುಗಿಸುವ ಆಯ್ಕೆ ಇದೆ. ರೂಟ್ ಉಲ್ಟಾ ಮಾಡಿದರೆ ಮಾತ್ರ ಮತ್ತೆ ಲೆಕ್ಕ ಹಾಕುತ್ತದೆ, ಪೇಟೆಗಳ ಒನ್‌ವೇಯಲ್ಲಿ ಬೇರೆ ಬೀದಿ ಹಿಡಿಸುತ್ತದೆ. ಲೂಪ್‌ನ ನಡುವಿನಿಂದ ಸೇರಿಕೊಳ್ಳುವಾಗ ಶುರುವಿನ ಪಾಯಿಂಟ್‌ಗೆ ಹೋಗು ಅನ್ನುತ್ತದೆ, ಅದನ್ನು ಒಪ್ಪಬೇಡಿ. ಹತ್ತಿರದ ಜಾಗದಿಂದ ಸೇರು ಅನ್ನುವ ಆಯ್ಕೆ ಒತ್ತಿ.

ಮಾಸ್ತಿಕಟ್ಟೆ ಮಳೆ:
ಹತ್ತಿ ಬರುವವರು ಹೊಸಂಗಡಿಯಲ್ಲಿ ಮೇಲೆ ಮಂಜು ಇದೆಯಾ ಅಂತ ಕೇಳಿಕೊಂಡು ಬನ್ನಿ. ಇದ್ದರೆ ಒಂದು ಚಾ ಕುಡಿದು ಕಾಯಿರಿ. ಲಾರಿ, ಬಸ್ಸು ಇಳಿಯುತ್ತಿರುತ್ತವೆ, ತಿರುವಿನಲ್ಲಿ ಅವುಗಳಿಗೆ ಪೂರ್ತಿ ರಸ್ತೆ ಬೇಕು. ಹಾರ್ನ್ ಹೊಡೆಯುತ್ತಾ ಎಡ ಅಂಚಿನಲ್ಲೇ ಬನ್ನಿ.